ದೀಪ ಆರಿರಲಿಲ್ಲ

ಬೀದರಿನ ಉದಗೀರ ರಸ್ತೆಯಲ್ಲಿ ನನ್ನದೊಂದು ಅಂಗಡಿ ಇದೆ. ಕಾರುಗಳಿಗೆ ಟೇಪು, ಸ್ಪೀಕರು ಕೂಡಿಸುವುದು, ವೈರಿಂಗ್ ಕೆಟ್ಟರೆ ಹುಡುಕಿ ಸರಿಪಡಿಸುವುದು ನನ್ನ ಉದ್ಯೋಗ. ತಲೆಗೂದಲು ಕಪ್ಪಿದ್ದಾಗ ಶುರು ಮಾಡಿದ್ದು, ಈಗ ಮೀಟರಿನ ಅಂಕಿ ಓದಲು ಕನ್ನಡಕ ಬೇಕು. ನನ್ನಲ್ಲಿಗೆ ಬರುವ ದೂರುಗಳೆಲ್ಲ ಸಣ್ಣವು. ಬೇಸ್ ಸಾಲದು ಅನ್ನುವವರು, ಒಂದು ಬಾಗಿಲಿನ ಸ್ಪೀಕರು ಗೊರಗೊರ ಅನ್ನುತ್ತದೆ ಅನ್ನುವವರು, ಮದುವೆ ಹಂಗಾಮಿನಲ್ಲಿ ಊರೆಲ್ಲ ಕೇಳುವಂತೆ ಮಾಡಿಕೊಡಿ ಅನ್ನುವವರು. ಹಾಡು ಕೆಟ್ಟದ್ದಕ್ಕೆ ಯಾರೂ ಕಣ್ಣೀರು ಹಾಕುವುದಿಲ್ಲ. ಔರಾದಿನ ಆ ಕಾಕಾ ಬಂದ ದಿನದ ತನಕ ನಾನು ಹಾಗೇ ತಿಳಿದಿದ್ದೆ.

ಕಬ್ಬಿನ ಹಂಗಾಮು ಮುಗಿದು ಬಿಸಿಲು ಚುರುಗುಟ್ಟತೊಡಗಿದ ದಿನಗಳು. ಮಧ್ಯಾಹ್ನ ಒಂದು ಬಿಳಿ ಕಾರು ಬಂತು. ಹಳೆಯ ಕಾರು, ಮುಂದಿನ ಗಾಜು ಮಾತ್ರ ಹೊಚ್ಚ ಹೊಸದು. ಓಡಿಸುತ್ತಿದ್ದವರು ಎಪ್ಪತ್ತರ ಹತ್ತಿರದ ಮುದುಕರು. ಅಂಗಡಿಯ ಮುಂದಿನ ಇಕ್ಕಟ್ಟಿನಲ್ಲಿ ಒಂದೇ ಸಲಕ್ಕೆ ಹಿಂದೆ ತಿರುಗಿಸಿ, ಗೋಡೆಗೆ ಗೇಣು ಬಿಟ್ಟು ನಿಲ್ಲಿಸಿದರು. ಸರ್ಕಾರಿ ಬಸ್ಸು ಓಡಿಸಿದ ಕೈ ಅದು ಅಂತ ಅವರು ಹೇಳುವ ಮೊದಲೇ ನನಗೆ ತಿಳಿಯಿತು.

"ಉಸ್ತಾದ್ರೆ, ಹಾಡು ಹಚ್ಚಿದ್ರ ಸೊಲ್ಪ ಹೊತ್ತಿಗೆ ಬಂದ್ ಬೀಳ್ತದರಿ. ಮತ್ತ ತಾನೇ ಚಾಲೂ ಆಗ್ತದ."

"ಟೇಪೇ ಬಂದ್ ಆಗ್ತದೋ, ಬರೇ ಆವಾಜ್ ಹೋಗ್ತದೋ ಕಾಕಾ?"

"ಟೇಪಿನ ದೀಪ ಹತ್ತಿದ್ದು ಹತ್ತೇ ಇರ್ತದರಿ. ಆವಾಜ್ ಹೋಗ್ತದ."

ಹಾಗಿದ್ದರೆ ಟೇಪು ಸರಿ ಇದೆ, ಆಂಪ್ಲಿಫೈಯರಿಗೆ ಕರೆಂಟು ಸಾಲುತ್ತಿಲ್ಲ. ನಾನು ಪಾನಾ, ಪಕ್ಕಡ ಎತ್ತಿಕೊಂಡು ಹೋದೆ. ಅವರು ಅಡ್ಡ ಕೈ ಹಿಡಿದರು.

"ರಿಪೇರಿ ಮಾಡಬ್ಯಾಡ್ರಿ. ಯಾಕ ಹೋಗ್ತದ ಅನ್ನೋದು ಅಷ್ಟೇ ನೋಡಿ ಹೇಳ್ರಿ. ಯಾವ ವೈರೂ ಬಿಚ್ಚಬ್ಯಾಡ್ರಿ."

ಇಂಥ ಮಾತು ನನಗೆ ಯಾರೂ ಹೇಳಿರಲಿಲ್ಲ. ಆದರೂ ಆಯಿತು ಅಂದೆ.

ಬಾನೆಟ್ ತೆಗೆದು ನೋಡಿದೆ. ಬ್ಯಾಟರಿಯಿಂದ ಆಂಪಿಗೆ ಹೋಗುವ ಕೆಂಪು ವೈರು ದಪ್ಪನೆಯದು, ಒಳ್ಳೆಯದು. ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿದ್ದಾರೆ. ಎಂಜಿನ್ ಬಿಸಿ ತಾಗದ ಹಾಗೆ ಪೈಪಿನೊಳಗೆ ಹಾಯಿಸಿದ್ದಾರೆ. ಮಾಡಿದವರಿಗೆ ಕೆಲಸ ಗೊತ್ತಿತ್ತು, ಮನಸ್ಸಿಟ್ಟೂ ಮಾಡಿದ್ದರು. ಆಂಪು ಇದ್ದದ್ದು ಮುಂದಿನ ಎಡಗಡೆ ಸೀಟಿನ ಕೆಳಗೆ. ಎಂಜಿನ್ ಚಾಲೂ ಮಾಡಿಸಿ ಹಾಡು ಹಚ್ಚಿದೆ. ಪೆನ್‌ಡ್ರೈವಿನಲ್ಲಿ ಚರ್ಚಿನ ಹಾಡೂ ಇದ್ದವು, ಮರಾಠಿ ಹಾಡೂ ಇದ್ದವು. ಒಂದು ಮುಗಿದು ಇನ್ನೊಂದರ ನಡುವಿಗೆ ಬಂದಾಗ ಆವಾಜು ತಟ್ಟನೆ ಹೋಯಿತು. ಆಂಪಿನ ಹಸಿರು ದೀಪ ಆರಿತು.

ಆಗ ಕಾಕಾ ಸೀಟಿನಲ್ಲಿ ಕೂತಲ್ಲಿಂದಲೇ ಕೇಳಿದರು: "ಈಗ ಮುಂದಿನ ದೊಡ್ಡ ದೀಪ ಹಚ್ಚಿ ನೋಡೋಣೇನ್ರಿ? ಹಾಡು ನಿಂತಾಗ ದೀಪನೂ ಸಣ್ಣ ಆಗ್ತಾವೇನು ಅಂತ."

"ದೀಪದ ಮಾತು ಯಾಕ ಕಾಕಾ? ದೀಪ ಕೆಟ್ಟಾವೇನು?"

ಅವರು ಎಂಜಿನ್ ಬಂದ್ ಮಾಡಿದರು. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದೆ ನೋಡುತ್ತಲೇ ಹೇಳಿದರು.

ಈ ಕಾರು ಅವರ ದೊಡ್ಡ ಮಗನದು. ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವನಿಗೆ. ದಿನಾ ಔರಾದಿನಿಂದ ಹೋಗಿ ಬರುತ್ತಿದ್ದ. ಹೆಂಡತಿ ನರ್ಸ್ ಕಲಿತವಳು, ಮಗಳು ಹುಟ್ಟಿದ ಮೇಲೆ ಮನೆಯಲ್ಲಿದ್ದಳು. ಡಿಸೆಂಬರಿನ ಒಂದು ಸಂಜೆ, ಹೊತ್ತು ಮುಳುಗಿ ಕತ್ತಲು ಕವಿಯುವ ಹೊತ್ತಿನಲ್ಲಿ, ಭಾಲ್ಕಿ ದಾಟಿ ಸ್ವಲ್ಪ ದೂರದಲ್ಲಿ ಕಬ್ಬು ಹೇರಿದ ಟ್ರಾಲಿಯೊಂದು ಟೈರು ಒಡೆದು ರಸ್ತೆ ಮೇಲೇ ನಿಂತಿತ್ತು. ಹಿಂದೆ ಕೆಂಪು ದೀಪ ಇರಲಿಲ್ಲ. ಕಬ್ಬು ಟ್ರಾಲಿಯಿಂದ ಮಾರುದ್ದ ಹಿಂದಕ್ಕೆ ಚಾಚಿತ್ತು. ಕಾರಿಗೆ ಆದದ್ದು ಕಡಿಮೆ. ಒಂದು ದೀಪದ ಗಾಜು ಒಡೆಯಿತು, ಮುಂದಿನ ಗಾಜು ಹೋಯಿತು, ಅಷ್ಟೇ. ಕಬ್ಬು ಗಾಜು ಒಡೆದು ಒಳಗೆ ಬಂದಿತ್ತು.

"ಮಂದಿ ಕುಡದಿದ್ದ ಅಂದ್ರು. ನನ್ನ ಮಗ ಹನಿ ಮುಟ್ಟಾಂವ ಅಲ್ಲರಿ. ಮಂದಿ ಬಾಯಿ ನಾನು ತಡೀತೇನಿ. ನನ್ನ ಮನಿ ಒಳಗಿಂದು ತಡೀಲಾಕ ಆಗವಲ್ದು."

ಮನೆಯೊಳಗಿನದು ಅಂದರೆ ಸಣ್ಣ ಮಗನ ಸಂಗತಿ. ಅವನು ಐಟಿಐ ಓದಿದ ಎಲೆಕ್ಟ್ರಿಷಿಯನ್. ಅಣ್ಣನ ಕಾರಿಗೆ ಈ ಆಂಪು ಕೂಡಿಸಿದವನು ಅವನೇ. ಕೆಲವು ದಿನಗಳಿಂದ ಆವಾಜು ಹೋಗುತ್ತದೆ ಅಂತ ಅಣ್ಣ ಹೇಳಿದ್ದ. ಪುರಸೊತ್ತಾದಾಗ ನೋಡುತ್ತೇನೆ ಅಂದಿದ್ದ ತಮ್ಮ. ಅಣ್ಣ ಸತ್ತ ಮೇಲೆ ಅವನ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. ಬ್ಯಾಟರಿಯ ಕರೆಂಟನ್ನು ತನ್ನ ಆಂಪು ಎಳೆದುಕೊಂಡು ದೀಪ ಮಂಕಾಗಿರಬೇಕು, ಅದಕ್ಕೇ ಅಣ್ಣನಿಗೆ ಟ್ರಾಲಿ ಕಾಣಲಿಲ್ಲ ಅಂತ. ಅಂದಿನಿಂದ ಅವನು ಟೆಸ್ಟರ್ ಕೈಯಲ್ಲಿ ಹಿಡಿದಿಲ್ಲ. ಮನೆಯ ಬಲ್ಬು ಸುಟ್ಟರೂ ಮುಟ್ಟುವುದಿಲ್ಲ. ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿದರು, ಬುದ್ಧಿ ಹೇಳಿದರು. ಕೇಳಿಕೊಂಡು ಕೂತ, ಎದ್ದು ಹೋದ. ಒಮ್ಮೆ ಬಾವಿಯ ಕಟ್ಟೆ ಮೇಲೆ ಕೂತಿದ್ದವನನ್ನು ತಂದೆಯೇ ತೋಳು ಹಿಡಿದು ಮನೆಗೆ ಕರೆತಂದರು.

"ಒಂದು ಹೋಗ್ಯದ. ಇನ್ನೊಂದು ಕಣ್ಣ ಮುಂದ ಹೋಗ್ಲಿಕತ್ತದ," ಅಂದರು ಕಾಕಾ. "ಖರೇ ಏನದ ಹೇಳ್ರಿ. ಅವನದೇ ತಪ್ಪಿದ್ರ ಅದನ್ನೂ ಹೇಳ್ರಿ. ಸುಳ್ಳು ಸಮಾಧಾನ ಬ್ಯಾಡ."

ಈ ಕೆಲಸ ಒಲ್ಲೆ ಅನ್ನಬೇಕೆನಿಸಿತು. ಮೀಟರು ಏನು ತೋರಿಸುತ್ತದೆ ಅಂತ ಮೊದಲೇ ಯಾರಿಗೆ ಗೊತ್ತು? ಆದರೆ ಆ ಮನುಷ್ಯ ಅಷ್ಟು ದೂರದಿಂದ ಆ ಕಾರನ್ನೇ ಓಡಿಸಿಕೊಂಡು, ಆ ಸೀಟಿನಲ್ಲೇ ಕೂತು ಬಂದಿದ್ದರು.

ಕಾರನ್ನು ಅಂಗಡಿಯೊಳಗೆ ತೆಗೆದುಕೊಂಡು ಶಟರನ್ನು ಅರ್ಧ ಇಳಿಸಿದೆ. ದೀಪ ಹಚ್ಚಿದಾಗ ಎದುರಿನ ಗೋಡೆಯ ಮೇಲೆ ಎರಡು ಬೆಳಕಿನ ವೃತ್ತ ಬಿದ್ದವು. ಎಂಜಿನ್ ಚಾಲೂ ಇಟ್ಟು ಹಾಡನ್ನು ಜೋರು ಮಾಡಿದೆ. ಇಬ್ಬರೂ ಗೋಡೆ ನೋಡುತ್ತ ನಿಂತೆವು. ಹಾಡು ನಿಂತಿತು. ಬೆಳಕು ಹಾಗೇ ಇತ್ತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಬೆಳಕು ಕದಲಲಿಲ್ಲ.

ಕಣ್ಣಿನ ಮಾತು ಸಾಲದು ಅಂತ ಮೀಟರು ಹಿಡಿದೆ. ಹಾಡು ನಿಲ್ಲುವ ಹೊತ್ತಿಗೆ ಬ್ಯಾಟರಿಯ ಮೇಲೆ ಹದಿಮೂರು ವೋಲ್ಟಿಗೂ ಜಾಸ್ತಿ ಇತ್ತು. ಆಂಪಿನ ಹತ್ತಿರ ಒಂಬತ್ತು. ನಡುವೆ ಎಲ್ಲಿ ಹೋಯಿತು? ಮೀಟರಿನ ವೈರಿನ ತುದಿಯ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಆಂಪಿನ ಕಪ್ಪು ವೈರಿಗೆ ಹಿಡಿದೆ. ಸೊನ್ನೆಯ ಹತ್ತಿರ ಇರಬೇಕಾದದ್ದು ನಾಲ್ಕರ ತನಕ ಏರಿತು. ಅಲ್ಲಿಗೆ ರೋಗ ಸಿಕ್ಕಿತು. ಕೆಂಪು ವೈರಿನಲ್ಲಿ ಬಂದ ಕರೆಂಟು ಕಪ್ಪು ವೈರಿನಿಂದ ಗಾಡಿಯ ಕಬ್ಬಿಣಕ್ಕೆ ಇಳಿದು ವಾಪಸು ಹೋಗಬೇಕು. ಆ ಕಪ್ಪು ವೈರನ್ನು ಸೀಟಿನ ಬೋಲ್ಟಿಗೆ ಬಿಗಿದಿದ್ದರು, ಕೆಳಗಿನ ಬಣ್ಣ ಕೆರೆದಿರಲಿಲ್ಲ. ಬಣ್ಣ ಅಡ್ಡ ಬಂದು ಜೋಡಣೆ ಕಾಯುತ್ತಿತ್ತು, ಕಾದಷ್ಟೂ ಸಡಿಲಾಗುತ್ತಿತ್ತು. ದೀಪದ ವೈರಿಗೂ ಈ ಬೋಲ್ಟಿಗೂ ಯಾವ ಸಂಬಂಧವೂ ಇರಲಿಲ್ಲ.

ಬೋಲ್ಟು ನೋಡಲು ನೆಲಕ್ಕೆ ಬಗ್ಗಿದಾಗ ಇನ್ನೊಂದು ಕಂಡಿತು. ಆ ಜೋಡಣೆಗೆ ಆಸ್ಪತ್ರೆಯಲ್ಲಿ ಗಾಯಕ್ಕೆ ಹಚ್ಚುವ ಬಿಳಿ ಅಂಟುಪಟ್ಟಿ ಸುತ್ತಿತ್ತು. ಸುತ್ತಿ ಸುತ್ತಿ ಕೊಳಕಾಗಿತ್ತು, ಒಂದು ಕಡೆ ಹರಿದಿತ್ತು. ನಾನು ಬೆರಳಿನಿಂದ ಒತ್ತಿದೆ. ಹಾಡು ತಟ್ಟನೆ ಬಂತು. ಬೆರಳು ತೆಗೆದರೆ ಹೋಯಿತು.

"ಏನದು?" ಅಂದರು ಕಾಕಾ.

"ಪಟ್ಟಿ ಸುತ್ಯಾರರಿ."

"ದೊಡ್ಡಾಂವಂದೇ ಕೆಲಸ," ಅಂದರು.

ನಾನು ಎದ್ದು, ದೀಪ ಆರಿರಲಿಲ್ಲ ಕಾಕಾ, ಮಂಕೂ ಆಗಿರಲಿಲ್ಲ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕಾರಿಗೆ ಆತುಕೊಂಡು, ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಟವಲು ತೆಗೆದು, "ನಾ ಹೇಳಿದ್ರ ಅಂವ ನಂಬಲ್ಲರಿ. ನೀವೇ ಬರಬೇಕು," ಅಂದರು.

ಮುಂದಿನ ಭಾನುವಾರ ಔರಾದಿಗೆ ಹೋದೆ. ಚರ್ಚು ಬಿಟ್ಟು ಜನ ಮನೆ ಸೇರಿದ್ದರು. ಮನೆಯ ಮಗ್ಗುಲಲ್ಲೇ ಪಕ್ಕದವರ ಸೋಯಾ ತುಂಬುವ ಗೋದಾಮಿತ್ತು, ಆಗ ಅರ್ಧ ಖಾಲಿ. ಕತ್ತಲು ಬೇಕಿತ್ತಲ್ಲ, ಕಾರನ್ನು ಅದರೊಳಗೆ ನಿಲ್ಲಿಸಿ ಶಟರು ಅರ್ಧ ಎಳೆದೆವು. ಸಣ್ಣ ಮಗನನ್ನು ತಂದೆ ಕೈ ಹಿಡಿದು ಕರೆತಂದರು. ಮೂವತ್ತರ ಒಳಗಿನವನು. ಗಡ್ಡ ಬೆಳೆದಿತ್ತು, ಅಂಗಿ ಮೈಮೇಲೆ ಜೋತಾಡುತ್ತಿತ್ತು. ಕಾರು ಕಂಡದ್ದೇ ಬಾಗಿಲಲ್ಲೇ ನಿಂತುಬಿಟ್ಟ.

"ಇವರು ಬೀದರಿನ ಉಸ್ತಾದ್. ಗಾಡಿ ನೋಡ್ಯಾರ," ಅಂದರು ತಂದೆ.

"ಪಪ್ಪಾ ಹೇಳಂದ್ರಂತ ಹೇಳಲಿಕ್ಕೆ ಬಂದೀರಿ," ಅಂದ ಅವನು ನನಗೆ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಏನೂ ಇರಲಿಲ್ಲ.

"ನಾ ಏನೂ ಹೇಳಲ್ಲ. ನೀನೂ ಇದೇ ಕಸಬಿನಾಂವ. ಮೀಟರ್ ಹಿಡಿ, ನೀನೇ ನೋಡು."

ಮೀಟರನ್ನು ಅವನ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ. ನಾನು ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಅವನು ಎರಡು ಬೆರಳಿನಲ್ಲಿ, ಹಾವು ಹಿಡಿದ ಹಾಗೆ, ವೈರು ಹಿಡಿದುಕೊಂಡ. ಬಾನೆಟ್ ಎತ್ತಿ ಬ್ಯಾಟರಿಯ ಮೇಲೆ ಮುಳ್ಳುಗಳನ್ನು ಇಟ್ಟ. ಮುಳ್ಳು ಜಾರಿ ಜಾರಿ ಬಿದ್ದವು, ಮತ್ತೆ ಮತ್ತೆ ಇಟ್ಟ. ತಂದೆ ದೀಪ ಹಚ್ಚಿದರು. ನಾನು ಎಡಗಡೆ ಬಾಗಿಲಿನಿಂದ ಒಳಗೆ ಬಗ್ಗಿ ಹಾಡು ಹಚ್ಚಿದೆ.

ಹಾಡು ನಿಂತಿತು. ಬೆಳಕು ನಿಂತಲ್ಲೇ ಇತ್ತು.

"ಎಷ್ಟದ?" ಅಂತ ಕೂಗಿದೆ.

"ಇನ್ನೊಮ್ಮೆ ಹಚ್ಚರಿ," ಅಂದ ಅವನು ಬಾನೆಟ್ಟಿನ ಆಚೆಯಿಂದ. ನಾನು ಕೈ ಚಾಚಿ ಸೀಟಿನ ಕೆಳಗಿನ ಜೋಡಣೆಯನ್ನು ಒತ್ತಿದೆ, ಹಾಡು ಬಂತು. ಬಿಟ್ಟೆ, ಹೋಯಿತು. "ಇನ್ನೊಮ್ಮೆ," ಅಂದ. ಮತ್ತೆ ಒತ್ತಿದೆ. ಆಗಲೇ ಶಟರಿನ ಹತ್ತಿರ ಸ್ಟೀಲ್ ಲೋಟಗಳು ಒಂದಕ್ಕೊಂದು ಬಡಿದ ಸಪ್ಪಳವಾಯಿತು. ತಲೆ ಎತ್ತಿ ನೋಡಿದರೆ ಚಹಾದ ತಟ್ಟೆ ಹಿಡಿದು ಸೊಸೆ, ಸತ್ತವನ ಹೆಂಡತಿ, ನಿಂತಿದ್ದಳು. ಅವಳು ಬೆಳಕು ನೋಡುತ್ತಿರಲಿಲ್ಲ. ಸೀಟಿನ ಕೆಳಗಿದ್ದ ನನ್ನ ಕೈ ನೋಡುತ್ತಿದ್ದಳು.

ಸಣ್ಣವನು ಬಾನೆಟ್ಟಿನ ಈಚೆ ಬಂದ. "ನನ್ನ ವೈರಿಂಗ್‌ದಾಗ ತಪ್ಪೇ ಇಲ್ಲಾ ಅಂತೀರೇನು?"

"ತಪ್ಪದ. ಅರ್ಥಿಂಗ್ ಕೊಡುವಾಗ ಬಣ್ಣ ಕೆರದಿಲ್ಲ. ಅದಕ ಹಾಡು ನಿಲ್ತದ. ಆದ್ರ ದೀಪಕ ಅದು ಏನೂ ಮಾಡಿಲ್ಲ. ನಿನ್ನ ಕಣ್ಣಲೇ ನೋಡ್ದಿ."

"ಹಂಗಾದ್ರ ನಮ್ಮಣ್ಣ ಹ್ಯಾಂಗ ಸತ್ತರಿ?"

"ಟ್ರಾಲಿಗಿ ಹಿಂದ ದೀಪ ಇರಲಿಲ್ಲ," ಅಂದೆ. ಅದೂ ಖರೆಯೇ ಆಗಿತ್ತು.

ಅವನು ಸೋಯಾ ಚೀಲದ ಮೇಲೆ ಕುಸಿದು ಕೂತು ಅಳತೊಡಗಿದ. ಗಂಡಸರು ಅಳುವುದನ್ನು ನೋಡಿದ್ದೇನೆ. ಆ ಅಳು ಬೇರೆ ಇತ್ತು, ಹೊಟ್ಟೆಯೊಳಗಿನದೆಲ್ಲ ಹೊರಗೆ ಬರುವ ಹಾಗಿತ್ತು. ಮಣ್ಣು ಕೊಟ್ಟ ದಿನವೂ ಅವನು ಅತ್ತಿರಲಿಲ್ಲವಂತೆ. ತಂದೆ ಅವನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದು ನಿಂತರು. ನಾನು ಹೊರಗೆ ಬಂದೆ.

ಮನೆಯ ಹಿಂದಿನ ನೀರಿನ ಟಾಕಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಸೊಸೆ ಬಂದು ಚೊಂಬಿನಿಂದ ನೀರು ಹಾಕಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಹೇಳಿದಳು:

"ಅಣ್ಣಾರೆ, ನೀವು ಅದು ಒತ್ತಿದ್ರಲ್ಲ, ಅವರೂ ಹಿಂಗೇ ಒತ್ತತಿದ್ರು. ಗಾಡಿ ಓಡಸ್ಕೋತನೇ, ಎಡಗೈ ಹಾಕಿ, ಬಗ್ಗಿ. ನಾ ಎಷ್ಟು ಸಲ ಬೈದೀನಿ."

ನನಗೆ ಗೊತ್ತಿತ್ತು. ಆ ಪಟ್ಟಿ ಕಂಡಾಗಲೇ ಗೊತ್ತಾಗಿತ್ತು. ಆದರೂ, "ಆ ದಿನನೂ ಒತ್ತಲಿಕ್ಕೇ ಹೋಗಿದ್ರು ಅಂತ ಹ್ಯಾಂಗ ಹೇಳ್ತಿ ತಂಗಿ? ಕಂಡವರು ಯಾರಿದ್ರು?" ಅಂದೆ.

"ಆಸ್ಪತ್ರಿಯೊಳಗ ಅವರ ಕೈ ನಾನೇ ಒರಸೀನರಿ. ಎಡಗೈ ಬೆರಳಿಗೆ ಆ ಪಟ್ಟಿದೊಂದು ತುಂಡು ಅಂಟಿತ್ತು. ಗಾಡಿ ಎಣ್ಣಿ ಹತ್ತಿ ಕರ್ರಗಾಗಿತ್ತು. ನಾ ನರ್ಸ್ ಇದ್ದೀನಿ. ಗಾಯಕ ಹಚ್ಚಿದ ಪಟ್ಟಿ ಯಾವ್ದು, ಹಿಂಗ ಅಂಟಿದ್ದು ಯಾವ್ದು, ನನಗ ತಿಳಿಯಂಗಿಲ್ಲೇನ್ರಿ?"

ಚೊಂಬಿನ ನೀರು ಮುಗಿದಿತ್ತು. ಅವಳು ಖಾಲಿ ಚೊಂಬನ್ನು ಹಾಗೇ ಬಗ್ಗಿಸಿ ಹಿಡಿದಿದ್ದಳು.

"ಯಾರಿಗಿ ಹೇಳಿದಿ?"

"ಯಾರಿಗೂ ಇಲ್ಲ. ತೆಗದು ಒಗದೀನಿ. ಮಾವಾರಿಗೆ ಹೇಳಿದ್ರ ಸಣ್ಣಾಂವಗ ಗೊತ್ತಾಗ್ತದ. ಅಂವ ಉಳೀತಾನೇನ್ರಿ? ನೀವೂ ಹೇಳಬ್ಯಾಡ್ರಿ. ಆಣಿ ಅದ."

ಹೇಳುವುದಿಲ್ಲ ಅಂದೆ. ಒಳಗಿನಿಂದ ಮಗು ಮಮ್ಮೀ ಅಂತ ಕರೆಯಿತು. ಅವಳು ಮುಖ ತೊಳೆದುಕೊಂಡು ಹೋದಳು. ಅಂದು ಅವರ ಮನೆಯಲ್ಲಿ ನನಗೆ ಊಟ ಹಾಕಿದರು. ಜೋಳದ ರೊಟ್ಟಿ, ಪುಂಡಿಪಲ್ಯ. ಸಣ್ಣ ಮಗ ನನ್ನ ಮಗ್ಗುಲಲ್ಲಿ ಕೂತು, ಬಹಳ ದಿನಗಳಿಂದ ಉಣ್ಣದವನ ಹಾಗೆ ರೊಟ್ಟಿ ಮೇಲೆ ರೊಟ್ಟಿ ಕೇಳಿ ಉಂಡ. ಬಡಿಸುತ್ತಿದ್ದವಳು ಅವನ ವೈನಿ, ಅಣ್ಣನ ಹೆಂಡತಿ. "ಇನ್ನೊಂದು ಹಾಕಲಿ?" ಅಂತ ಅವಳು ಕೇಳಿದಾಗೆಲ್ಲ ನಾನು ನನ್ನ ತಟ್ಟೆಯನ್ನೇ ನೋಡುತ್ತಿದ್ದೆ.

ಬೀದರಿಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ವಿಚಾರ ಮಾಡಿದೆ. ಅವರು ಕೇಳಿದ್ದು ದೀಪದ ಸಂಗತಿ, ನಾನು ಹೇಳಿದ್ದು ದೀಪದ ಸಂಗತಿ, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬಣ್ಣ ಕೆರೆಯದೆ ಬೋಲ್ಟು ಬಿಗಿದವರು ಈ ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರ ಗಿರಾಕಿಗಳೆಲ್ಲ ಹಾಡು ನಿಂತರೆ ಬೈದುಕೊಂಡು ಮನೆ ಸೇರುತ್ತಾರೆ. ಇವನೊಬ್ಬ ಸೇರಲಿಲ್ಲ. ಅದಕ್ಕೆ ಕಾರಣ ಬೋಲ್ಟು ಅನ್ನಲೇ, ಟ್ರಾಲಿ ಅನ್ನಲೇ, ಹಾಡಿನ ಮೇಲಿನ ಅವನ ಆಸೆ ಅನ್ನಲೇ? ಇಂದಿಗೂ ನನಗೆ ಬಗೆಹರಿದಿಲ್ಲ.

ಆ ಮಳೆಗಾಲದಲ್ಲಿ ಸಣ್ಣ ಮಗ ತಾನೇ ಕಾರು ಓಡಿಸಿಕೊಂಡು ನನ್ನ ಅಂಗಡಿಗೆ ಬಂದ. ಗಡ್ಡ ತೆಗೆಸಿದ್ದ. ಆಂಪು ಬಿಚ್ಚಿಬಿಡಬೇಕೆಂದಿದ್ದನಂತೆ, ಮನಸ್ಸು ಬರಲಿಲ್ಲವಂತೆ. ನನ್ನ ಹತ್ತಿರ ಉಸುಕಿನ ಕಾಗದ ಇಸಿದುಕೊಂಡು, ನೆಲಕ್ಕೆ ಮಲಗಿ, ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಬಣ್ಣ ತಿಕ್ಕಿದ. ಕೊಳಕು ಪಟ್ಟಿಯನ್ನು ಕಿತ್ತು ಬುಟ್ಟಿಗೆ ಹಾಕಿದ, ಅದೇನೆಂದು ಕೇಳಲಿಲ್ಲ. ಬೋಲ್ಟು ಬಿಗಿದು ಹಾಡು ಹಚ್ಚಿದ. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬಾಗಿಲು ತೆರೆದಿಟ್ಟು ಇಬ್ಬರೂ ಕೇಳುತ್ತ ಕೂತೆವು. "ಇಷ್ಟೇ ಇತ್ತಲ್ಲರಿ," ಅಂದ. ನಾನು ಹೂಂ ಅಂದೆ.

ಈಗ ಅವನು ಕಮಲನಗರದಲ್ಲಿ ಒಂದು ಸಣ್ಣ ಅಂಗಡಿ ಹಾಕಿದ್ದಾನೆ. ಸುತ್ತಲಿನ ಹಳ್ಳಿಗಳಲ್ಲಿ ಮನೆ ವೈರಿಂಗ್ ಹಿಡಿಯುತ್ತಾನೆ, ಡಾಬಕಾದ ತನಕ ಹೋಗುತ್ತಾನೆ. ಕಾಕಾ ಗಾಡಿ ಓಡಿಸುವುದು ಬಿಟ್ಟಿದ್ದಾರೆ, ಕಣ್ಣಿಗೆ ಪೊರೆ ಬಂದಿದೆ. ಕ್ರಿಸ್‌ಮಸ್ಸಿಗೆ ಫೋನು ಮಾಡುತ್ತಾರೆ. ಪ್ರತಿ ಸಲವೂ "ನನ್ನ ಸಣ್ಣಾಂವನ್ನ ಉಳಿಸಿಕೊಟ್ಟಿರಿ ಉಸ್ತಾದ್ರೆ" ಅನ್ನುತ್ತಾರೆ. ಆ ಮಾತು ಬಂದಾಗ ನಾನು ಬೇಗ ಬೇರೆ ವಿಷಯ ತೆಗೆಯುತ್ತೇನೆ.

ಹೋದ ವರ್ಷ ಒಂದು ಕೆಲಸಕ್ಕೆ ಭಾಲ್ಕಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಯಾರೋ "ಅಣ್ಣಾರೆ" ಅಂದರು. ಆ ಸೊಸೆ. ಗಂಡ ಕೆಲಸ ಮಾಡುತ್ತಿದ್ದ ಊರಿನಲ್ಲೇ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ಅಲ್ಲೇ ಕೋಣೆ ಹಿಡಿದು ಮಗಳನ್ನು ಶಾಲೆಗೆ ಹಾಕಿದ್ದಳು. ಮೈದುನನ ಮದುವೆ ಗೊತ್ತಾಗಿದೆ, ಅದಕ್ಕೇ ಔರಾದಿಗೆ ಹೊರಟಿದ್ದೇನೆ ಅಂದಳು.

"ಚಲೋ ಆಯ್ತು ತಂಗಿ."

"ಹೂಂ, ಚಲೋ ಆಯ್ತರಿ. ಅಂವ ನಗ್ತಾನ ಈಗ. ವೈನಿ, ನೀ ಬರಲಾರದ ನನ್ನ ತಲಿ ಮ್ಯಾಲ ಅಕ್ಕಿಕಾಳು ಬೀಳಲ್ಲ ಅಂದಾನ." ಜೊತೆಗಿದ್ದ ಮಗಳನ್ನು ಅಲ್ಲೇ ಬೆಂಚಿನ ಮೇಲೆ ಕೂಡಿಸಿ ಬಂದು ದನಿ ತಗ್ಗಿಸಿದಳು: "ಒಮ್ಮೊಮ್ಮೆ ಅಂವ ನಕ್ರ ಸಿಟ್ಟು ಬರ್ತದರಿ. ಹೇಳೇ ಬಿಡ್ಬೇಕು ಅನ್ನಸ್ತದ. ಆಮ್ಯಾಲ ನನ್ನ ಮ್ಯಾಲೇ ಹೇಸಿಗಿ ಬರ್ತದ."

ಯಾರಾದರೂ ಕೇಳಿಸಿಕೊಂಡರೇನೋ ಅಂತ ನಾನು ಸುತ್ತ ನೋಡಿದೆ.

"ಹೇಳಂಗಿಲ್ಲ ಬಿಡ್ರಿ, ಹೆದರಬ್ಯಾಡ್ರಿ," ಅಂದಳು ಅವಳೇ. "ಹೇಳಿದ್ರ ಯಾರಿಗಿ ಏನ್ ಬಂತು? ಅವರೆಲ್ಲರಿಗೂ ಅಳೂದು ಮುಗದದ. ನನಗ ಯಾರ ಮುಂದನೂ ಅಳಲಿಕ್ಕೆ ಬರಂಗಿಲ್ಲ ನೋಡ್ರಿ, ಅಷ್ಟೇ."

ಔರಾದ ಬಸ್ಸು ಬಂತು. ಜನ ನೂಕಾಡಿದರು. ಅವಳು ಮಗಳನ್ನು ಎತ್ತಿ ಕಿಟಕಿಯಿಂದಲೇ ಒಳಗೆ ಇಳಿಸಿ, ಸೀಟು ಹಿಡಿ ಅಂತ ಹೇಳಿ, ತಾನು ಬಾಗಿಲಿನ ಕಡೆ ಹೋಗಿ ಗದ್ದಲದಲ್ಲಿ ಹತ್ತಿದಳು.